ಸೀಟಿ ಹಿಡಿದ ಆಟಗಾರ

ಕಾಲ್ಚೆಂಡಾಟದ ಬಯಲಿನಲ್ಲಿ ಆಡುವ ಇಪ್ಪತ್ತೆರಡು ಮಂದಿಗೂ ಅಭಿಮಾನಿಗಳುಂಟು. ಅವರ ನಡುವೆ ಓಡಾಡುವ ಇಪ್ಪತ್ತಮೂರನೆಯವನಿಗೆ ಮಾತ್ರ ಯಾರೂ ಇಲ್ಲ. ಗೆದ್ದವರು ಅವನನ್ನು ಮರೆಯುತ್ತಾರೆ, ಸೋತವರು ಶಪಿಸುತ್ತಾರೆ. ಚೆಂಡನ್ನೊದೆದು ಚಪ್ಪಾಳೆಯ ಸವಿಯುಂಡವನೊಬ್ಬನು ಇಂಥ ಕಾರ್ಯಕ್ಕೆ ತಾನಾಗಿ ಬರುವನೆಂದರೆ ಆಶ್ಚರ್ಯವಲ್ಲವೆ? ಹಾಗೆ ಬಂದವರಲ್ಲೊಬ್ಬರು ರೊಮೇನಿಯದ ಇಯೋನ್ ಇಗ್ನಾ.

೧೯೪೦ರಲ್ಲಿ ಜನಿಸಿದ ಇಗ್ನಾ ಮೊದಲು ಆಟಗಾರರಾಗಿದ್ದು, ಅನಂತರ ತೀರ್ಪುಗಾರರ ಕಪ್ಪು ಉಡುಪನ್ನು ತೊಟ್ಟರು. ಆಟಗಾರರಾಗಿ ಅವರಿಗೆ ಒದಗದಿದ್ದ ವಿಶ್ವಕಪ್ಪಿನ ಬಯಲು ತೀರ್ಪುಗಾರರಾಗಿ ಒದಗಿತು. ೧೯೮೬ರ ಜೂನ್ ೨೧ರಂದು, ಮೆಕ್ಸಿಕೋದ ಗ್ವಾಡಲಹಾರ ನಗರದಲ್ಲಿ ಬ್ರೆಜಿಲ್ ಮತ್ತು ಫ್ರಾನ್ಸ್ ತಂಡಗಳು ಕ್ವಾರ್ಟರ್ ಫೈನಲಿನಲ್ಲಿ ಎದುರಾದಾಗ ಸೀಟಿ ಅವರ ಕೈಯಲ್ಲಿತ್ತು.

ಬ್ರೆಜಿಲ್ ಪರವಾಗಿ ಕರೇಕಾ ಮೊದಲ ಗೋಲನ್ನು ಹೊಡೆದನು. ಅಂದೇ ಮೂವತ್ತೊಂದು ತುಂಬಿದ ಫ್ರಾನ್ಸಿನ ನಾಯಕ ಪ್ಲಾಟಿನಿ ಅದನ್ನು ಸರಿಗಟ್ಟಿದನು. ಹೆಸರಾಂತ ಜೀಕೋ ಒದೆದ ಪೆನಾಲ್ಟಿಯನ್ನು ಫ್ರೆಂಚ್ ಗೋಲ್‌ರಕ್ಷಕ ಬಾಟ್ಸ್ ತಡೆದನು. ಹೆಚ್ಚುವರಿ ಕಾಲ ಮುಗಿಯುತ್ತ ಬಂದಿತ್ತು. ಫ್ರಾನ್ಸಿನ ಬೆಲ್ಲೋನ್ ಒಬ್ಬನೇ ಚೆಂಡಿನೊಡನೆ ನುಗ್ಗಿದಾಗ ಬ್ರೆಜಿಲಿನ ಗೋಲ್‌ರಕ್ಷಕ ಕಾರ್ಲೋಸ್ ಮುಂದೆ ಬಂದು ಅವನನ್ನು ಹಿಡಿದೆಳೆದನು. ಸೀಟಿ ಮೊಳಗಲಿಲ್ಲ! ಫ್ರೆಂಚರು ಕನಲಿದರು, ಆಟ ಸಾಗಿತು.

ಕೊನೆಗೆ ಐದೈದು ಪೆನಾಲ್ಟಿ ಒದೆತಗಳಿಂದ ಫಲಿತಾಂಶ ನಿರ್ಧಾರವಾಗಬೇಕಾಯಿತು. ಫ್ರಾನ್ಸಿನ ಮೂರನೆಯ ಸರದಿಗೆ ಬಂದವನು ಅದೇ ಬೆಲ್ಲೋನ್. ಅವನೊದೆದ ಚೆಂಡು ಗೋಲುಕಂಬಕ್ಕೆ ಬಡಿದು ಹಿಂದಕ್ಕೆ ಚಿಮ್ಮಿ, ನೆಲಕ್ಕೆ ಹಾರಿದ್ದ ಕಾರ್ಲೋಸನ ಬೆನ್ನಿಗೆ ತಾಗಿ, ಬಲೆಯೊಳಕ್ಕೆ ಉರುಳಿತು. ಇದು ಗೋಲೋ, ಅಲ್ಲವೋ? ಇಗ್ನಾ ಗೋಲೆಂದರು. ಕಂಬದಿಂದ ಹಿಂದಿರುಗಿದೊಡನೆ ಒದೆತ ಮುಗಿಯಿತೆಂದು ಬ್ರೆಜಿಲ್ ನಾಯಕ ಎಡಿನ್ಯೋ ವಾದಿಸಿದನು. ಇಗ್ನಾ ತೀರ್ಪನ್ನು ಬದಲಿಸಲಿಲ್ಲ. ಮುಂದೆ ಪ್ಲಾಟಿನಿಯೂ ಗುರಿ ತಪ್ಪಿದನು. ಬ್ರೆಜಿಲಿನ ಜೂಲಿಯೋ ಸೀಸರ್ ಕಂಬಕ್ಕೆ ಹೊಡೆದನು. ಫರ್ನಾಂಡೆಜನ ಕೊನೆಯ ಒದೆತದಿಂದ ಫ್ರಾನ್ಸ್ ೪-೩ರಲ್ಲಿ ಗೆದ್ದಿತು. ಲೆಕ್ಕ ಹಾಕಿ ನೋಡಿದರೆ ಎರಡು ತಂಡಗಳ ನಡುವಿದ್ದ ಅಂತರ ಆ ವಿವಾದದ ಗೋಲೊಂದೇ.

ಆಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿಯು ೧೯೮೭ರಲ್ಲಿ ಈ ನಿಯಮವನ್ನು ಸ್ಪಷ್ಟಪಡಿಸಿತು: ಕಂಬಕ್ಕೂ ಗೋಲ್‌ರಕ್ಷಕನಿಗೂ ತಾಗಿ ಒಳಹೊಕ್ಕ ಚೆಂಡು ಗೋಲೇ ಸರಿ. ಪಂಡಿತರು ಮೇಜಿನ ಸುತ್ತ ಕುಳಿತು ನಿರ್ಣಯಿಸಿದುದನ್ನು ಇಗ್ನಾ ಒಂದು ವರ್ಷ ಮೊದಲೇ, ಕಣ್ಣೆವೆಯಿಕ್ಕುವಷ್ಟರಲ್ಲಿ ನಿರ್ಣಯಿಸಿದ್ದರು.

ಸರಿಯಾಗಿ ಎರಡು ವರ್ಷಗಳ ತರುವಾಯ, ೧೯೮೮ರ ಜೂನ್ ೨೧ರಂದು, ಹ್ಯಾಂಬರ್ಗಿನಲ್ಲಿ ನಡೆದ ಐರೋಪ್ಯ ಸ್ಪರ್ಧೆಯ ಸೆಮಿಫೈನಲಿಗೂ ಅವರೇ ತೀರ್ಪುಗಾರರು. ಅಂದು ಆತಿಥೇಯ ಪಶ್ಚಿಮ ಜರ್ಮನಿಗೊಂದು, ಹಾಲೆಂಡಿಗೊಂದು ಪೆನಾಲ್ಟಿ ದೊರೆತವು, ಎರಡೂ ಗೋಲಾದುವು. ಆಟ ಮುಗಿಯಲು ನಿಮಿಷಗಳಷ್ಟೇ ಉಳಿದಿದ್ದಾಗ ವಾನ್ ಬಾಸ್ಟನ್ ಗೋಲು ಹೊಡೆದು ಹಾಲೆಂಡನ್ನು ಗೆಲ್ಲಿಸಿದನು.

ಗ್ವಾಡಲಹಾರದಲ್ಲಿ ಮೊಳಗದ ಸೀಟಿಗಾಗಿ ಇಗ್ನಾರನ್ನು ದೂರುವವರುಂಟು. ದೂರಿಗೆ ಕಾರಣವೂ ಉಂಟು. ಆದರೆ ಅದೇ ದಿನ ಲಕ್ಷಾಂತರ ಕಣ್ಣುಗಳೆದುರು ಅವರು ಕೊಟ್ಟ ಇನ್ನೊಂದು ತೀರ್ಪು ನಿಯಮವಾಗಿ ನಿಂತಿತು. ಆಟಗಾರನು ತಪ್ಪಿದ ಗುರಿಯನ್ನು ಮರುಗಳಿಗೆಯಲ್ಲಿ ಸರಿಪಡಿಸಿಕೊಳ್ಳಬಹುದು. ತೀರ್ಪುಗಾರನಿಗೆ ಆ ಭಾಗ್ಯವಿಲ್ಲ. ಮುಂದಿನ ತೀರ್ಪನ್ನು ಸರಿಯಾಗಿ ಕೊಡುವುದಷ್ಟೇ ಅವನ ಪಾಲಿಗೆ ಉಳಿದದ್ದು.