ಮಾದರಿ ಸಹಿಯ ಜಾಗಕ್ಕೆ ಬಂದ ಫೋನು

ಖಾತೆದಾರ ಇವನೇ ಹೌದೋ ಅಲ್ಲವೋ ಎಂದು ತಿಳಿಯಲು ಬ್ಯಾಂಕುಗಳಿಗೆ ಬಹುಕಾಲ ಆಧಾರವಾಗಿದ್ದದ್ದು ಮಾದರಿ ಸಹಿ, ಇಲ್ಲವೇ ಹೆಬ್ಬೆಟ್ಟು. ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳು 2005ರಲ್ಲಿ ಒಂದಾಗಿ, ಧಾರವಾಡವನ್ನು ಕೇಂದ್ರವಾಗಿಸಿಕೊಂಡ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಹುಟ್ಟಿದಾಗಲೂ ಕೌಂಟರಿನಲ್ಲಿ ಸಹಿಯನ್ನು ತಾಳೆ ನೋಡಿಯೇ ಹಣ ಕೊಡುತ್ತಿದ್ದರು. 2025ರ ಮೇ 1ರಂದು ಆ ಬ್ಯಾಂಕು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಅಷ್ಟರಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ ತಿಂದವರು ಫೋನಿನಿಂದಲೇ ದುಡ್ಡು ಕೊಡುವುದು ರೂಢಿಯಾಗಿತ್ತು. ಅಲ್ಲಿ ಸಹಿಯೂ ಇಲ್ಲ, ಮುಖ ನೋಡುವ ಗುಮಾಸ್ತನೂ ಇಲ್ಲ.

ಯುಪಿಐ 2016ರಲ್ಲಿ ಬಂದಾಗ ಈ ಕೊರತೆ ತುಂಬಿದ್ದು ಫೋನನ್ನೇ ಖಾತೆಗೆ ಕಟ್ಟಿಹಾಕುವ ಉಪಾಯ. ಆ್ಯಪ್ ಹಾಕಿಕೊಂಡ ಕೂಡಲೇ ಅದು ಫೋನಿನ ಸಿಮ್‌ನಿಂದ ಒಂದು ಗೂಢಲಿಪಿಯ ಎಸ್‌ಎಂಎಸ್ ಕಳಿಸುತ್ತದೆ. ಸಂದೇಶ ಯಾವ ನಂಬರಿನಿಂದ ಬಂತೆಂದು ಹೇಳುವುದು ಮೊಬೈಲ್ ಜಾಲ, ಆ್ಯಪ್ ಅಲ್ಲ. ಸರ್ವರ್ ಆ ನಂಬರನ್ನೂ ಫೋನಿನ ಗುರುತನ್ನೂ ಜೋಡಿಯಾಗಿ ಬರೆದಿಟ್ಟುಕೊಳ್ಳುತ್ತದೆ. ಜಾಣತನ ಇರುವುದು ಸಂದೇಶ ಸಾಗುವ ದಿಕ್ಕಿನಲ್ಲಿ: ಒಳಬರುವ ಒಟಿಪಿಯನ್ನು ಸಿಹಿಮಾತಾಡಿ ಕೇಳಿ ಪಡೆಯಬಹುದು, ಹೊರಹೋಗುವ ಎಸ್‌ಎಂಎಸ್‌ಗೆ ಸಿಮ್ ಕೈಯಲ್ಲೇ ಇರಬೇಕು. ವಂಚಕರು ಇದಕ್ಕೂ ದಾರಿ ಕಂಡುಕೊಂಡರು. ತಾವು ಕಳಿಸಿದ ಅಕ್ಷರಮಾಲೆಯನ್ನು ಇಂಥ ನಂಬರಿಗೆ ರವಾನಿಸಿ ಎಂದು ಗ್ರಾಹಕನಿಗೇ ಹೇಳಿ ಅವನ ನಂಬರಿಗೆ ತಮ್ಮ ಫೋನನ್ನು ಜೋಡಿಸಿಕೊಂಡರು. ಪಿನ್ ಎಂಬ ಎರಡನೇ ಬೀಗ ಇರುವುದು ಅದಕ್ಕೇ. ಅದನ್ನು ಒತ್ತುವ ಪರದೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐನದು; ಹಣ ಕಳಿಸುವ ಆ್ಯಪ್‌ಗೂ ಆ ಅಂಕಿಗಳು ಕಾಣವು.

ಫೋನು ಸರಿಯಿದ್ದರೂ ಆ್ಯಪ್ ನಕಲಿಯಾಗಿರಬಹುದು. ಆ್ಯಪ್ ತಾನೇ 'ನಾನು ಅಸಲಿ' ಎಂದರೆ ನಂಬುವಂತಿಲ್ಲ, ನಕಲಿಯೂ ಅದನ್ನೇ ಹೇಳುತ್ತದೆ. ಹೀಗಾಗಿ ಸಾಕ್ಷಿ ನುಡಿಯುವ ಕೆಲಸ ಫೋನಿನ ಚಿಪ್‌ಗೂ ಅದರ ವ್ಯವಸ್ಥೆ ಕಟ್ಟಿದವರಿಗೂ ಬಂತು. ಆಂಡ್ರಾಯ್ಡ್ 7ರಲ್ಲಿ, 2016ರಲ್ಲಿ, ರುಜು ಹಾಕುವ ಗೂಢಲಿಪಿಯ ಕೀಲಿ ಚಿಪ್‌ನೊಳಗೇ ಇದೆ ಎಂದು ದೃಢಪಡಿಸುವ ಸೌಲಭ್ಯ ಬಂತು. ಆಪಲ್ 2020ರಲ್ಲಿ ಐಒಎಸ್ 14ರೊಂದಿಗೆ 'ಆ್ಯಪ್ ಅಟೆಸ್ಟ್' ತಂದಿತು. ಸರ್ವರ್ ಒಮ್ಮೆ ಮಾತ್ರ ಬಳಸುವ ಒಂದು ಸಂಖ್ಯೆ ಕಳಿಸುತ್ತದೆ, ಅದನ್ನು ಸೇರಿಸಿ ರುಜು ಹಾಕಿದ ಉತ್ತರ ಮರಳುತ್ತದೆ. ನಿನ್ನೆಯ ಉತ್ತರವನ್ನು ಇಂದು ತೋರಿಸಿದರೆ ಸಂಖ್ಯೆ ತಾಳೆಯಾಗದು. ವ್ಯವಸ್ಥೆಯ ಕಾವಲು ಮುರಿದು 'ರೂಟ್' ಮಾಡಿದ ಫೋನು ಇಲ್ಲೇ ಸಿಕ್ಕಿಬೀಳುವುದುಂಟು, ಅದರ ಒಡೆಯ ಪ್ರಾಮಾಣಿಕನಾಗಿದ್ದರೂ.

ಸಿಮ್ ಬೇರೆ ಫೋನಿಗೆ ಹೋದರೆ ಜೋಡಿ ಮುರಿಯುತ್ತದೆ. ಹೊಸ ಫೋನಿನಿಂದ ಮತ್ತೆ ಎಸ್‌ಎಂಎಸ್ ಹೋಗಿ ಹೊಸ ಗುರುತು ದಾಖಲಾಗುವವರೆಗೆ, ಹಳೆಯ ಗಿರಾಕಿಯೂ ಸರ್ವರಿಗೆ ಅಪರಿಚಿತನೇ.