ಕಡಲಿಗೆ ಬಂದ ರಹದಾರಿ

ಹದಿನೈದನೆಯ ಶತಮಾನದ ಕೊನೆಯವರೆಗೂ ಅರಬ್ಬೀ ಸಮುದ್ರದಲ್ಲಿ ವ್ಯಾಪಾರಿ ಹಡಗು ನಡೆಸುವವನು ತಾನು ತಂಗಿದ ಬಂದರಿನ ದೊರೆಗೆ ಸುಂಕ ತೆರಬೇಕಾಗಿತ್ತೇ ಹೊರತು, ಕಡಲಿನ ಮೇಲೆ ಸಾಗುವುದಕ್ಕೆಂದು ಯಾರ ಅಪ್ಪಣೆಯನ್ನೂ ಪಡೆಯಬೇಕಾಗಿರಲಿಲ್ಲ. ಗುಜರಾತಿನ ಬಟ್ಟೆ, ಮಲಬಾರಿನ ಕರಿಮೆಣಸು, ಕನ್ನಡ ಕರಾವಳಿಯ ಅಕ್ಕಿ, ಹೊರ್ಮುಜಿನ ಕುದುರೆಗಳು ಮಾರುತಗಳ ದಿಕ್ಕನ್ನು ನಂಬಿ ವರ್ಷವರ್ಷವೂ ಓಡಾಡುತ್ತಿದ್ದವು. ಕಡಲ್ಗಳ್ಳರ ಕಾಟವಿತ್ತು, ಬಂದರುಗಳಿಗಾಗಿ ಅರಸರು ಕಾದಾಡಿದ್ದೂ ಉಂಟು. ಆದರೆ ಈ ನೀರೇ ತನ್ನದೆಂದು ಸಾರಿ, ಅದರ ಮೇಲೆ ಹಾಯುವವರೆಲ್ಲ ತನ್ನಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿದ ಪ್ರಭುತ್ವ ಅಲ್ಲಿರಲಿಲ್ಲ. ಆ ಕಲ್ಪನೆಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು, ಮತ್ತು ಅದಕ್ಕೆ ಅವರು ಕೊಟ್ಟ ರೂಪವೇ ‘ಕಾರ್ತಾಜ್’ ಎಂಬ ರಹದಾರಿ ಪತ್ರ. ಕಾಗದ ಎಂಬ ಅರ್ಥದ ಅರಬ್ಬೀ ಪದ ‘ಕಿರ್ತಾಸ್’ನಿಂದ ಈ ಹೆಸರು ಹುಟ್ಟಿತು.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಾಗ ಅವನ ಬಳಿಯಿದ್ದ ಸರಕಿಗೆ ಅಲ್ಲಿ ಬೆಲೆಯಿರಲಿಲ್ಲ. ಅಲ್ಲಿನ ಅರಸ ಸಾಮೂದಿರಿಗೆಂದು ಅವನು ತಂದ ಕಾಣಿಕೆಗಳನ್ನು ಕಂಡು ಆಸ್ಥಾನದವರು ನಕ್ಕರು. ಯುರೋಪು ಬಯಸುವ ವಸ್ತುಗಳು ಇಲ್ಲಿ ಹೇರಳವಾಗಿದ್ದವು, ಇಲ್ಲಿಯವರು ಬಯಸುವ ವಸ್ತು ಯುರೋಪಿನಲ್ಲಿ ಬೆಳ್ಳಿಬಂಗಾರಗಳನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಸಣ್ಣ ರಾಜ್ಯವಾದ ಪೋರ್ಚುಗಲ್ಲಿಗೆ ಇಲ್ಲಿನ ನೆಲವನ್ನು ಗೆದ್ದು ಆಳುವಷ್ಟು ಜನಬಲವೂ ಇರಲಿಲ್ಲ. ಅದರ ಕೈಯಲ್ಲಿದ್ದದ್ದು ಒಂದೇ ಮೇಲುಗೈ, ಹಡಗಿನ ಮೇಲೆ ಹೂಡಿದ ತೋಪು. ಅರಬ್ಬೀ ಸಮುದ್ರದ ಅನೇಕ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಜೋಡಿಸುತ್ತಿದ್ದುದರಿಂದ, ಅವು ಅಲೆಗಳಿಗೆ ಬಾಗಿ ಬಳುಕುತ್ತಿದ್ದರೂ ಭಾರವಾದ ತೋಪುಗಳ ಹಿಂದೊದೆತವನ್ನು ತಾಳುವಂಥವಾಗಿರಲಿಲ್ಲ. ಫ್ರಾಂಕರು, ಅಂದರೆ ಯುರೋಪಿಯನ್ನರು, ಎಂಬರ್ಥದ ‘ಫಿರಂಗಿ’ ಎಂಬ ಮಾತು ಕನ್ನಡದಲ್ಲಿ ತೋಪಿನ ಹೆಸರಾಗಿಯೇ ನಿಂತಿರುವುದು, ಬಂದವರನ್ನು ಈ ನಾಡು ಯಾವುದರಿಂದ ಗುರುತಿಸಿತೆಂಬುದಕ್ಕೆ ಭಾಷೆಯೊಳಗೇ ಉಳಿದಿರುವ ಸಾಕ್ಷಿ.

ಕಾರ್ತಾಜಿನ ಕ್ರಮ ಹೀಗಿತ್ತು. ಹಡಗಿನ ಒಡೆಯನು ಪೋರ್ಚುಗೀಸ್ ಕೋಟೆಯೊಂದರಲ್ಲಿ ಅರ್ಜಿ ಹಾಕಿಕೊಂಡು, ನಾಯಕನ ಹೆಸರು, ಹಡಗಿನ ಗಾತ್ರ, ಜನರ ಸಂಖ್ಯೆ, ಆತ್ಮರಕ್ಷಣೆಗಿರುವ ಆಯುಧಗಳು, ಹೊರಡುವ ಮತ್ತು ತಲುಪುವ ಬಂದರು ಇವನ್ನೆಲ್ಲ ಬರೆಸಬೇಕಿತ್ತು. ಪತ್ರದ ಶುಲ್ಕ ಅಲ್ಪವೇ. ನಿಜವಾದ ಹೊರೆಯೆಂದರೆ ದಾರಿಯಲ್ಲಿ ಗೋವಾ, ದೀವ್ ಅಥವಾ ಹೊರ್ಮುಜಿನಂಥ ಪೋರ್ಚುಗೀಸ್ ಠಾಣ್ಯಕ್ಕೆ ಹೋಗಿ ಅಲ್ಲಿ ಸುಂಕ ಕಟ್ಟಲೇಬೇಕೆಂಬ ಷರತ್ತು. ಕರಿಮೆಣಸಿನಂಥ ಸರಕುಗಳನ್ನೂ ಯುದ್ಧಸಾಮಗ್ರಿಯನ್ನೂ ಸಾಗಿಸುವುದಕ್ಕೆ ನಿಷೇಧವಿತ್ತು. ಪತ್ರವಿಲ್ಲದ ಹಡಗು ಸಿಕ್ಕರೆ ಸರಕು ಮುಟ್ಟುಗೋಲಾಗುತ್ತಿತ್ತು, ಜನರು ಸಾವಿಗೋ ಸೆರೆಗೋ ಈಡಾಗುತ್ತಿದ್ದರು. ಇದನ್ನು ರಕ್ಷಣೆಯ ವ್ಯವಸ್ಥೆಯೆಂದು ಕರೆದದ್ದುಂಟಾದರೂ, ರಹದಾರಿ ಪಡೆದ ವ್ಯಾಪಾರಿಗೆ ಬಹುಪಾಲು ರಕ್ಷಣೆ ಬೇಕಾಗಿದ್ದದ್ದು ರಹದಾರಿ ಕೊಟ್ಟವರಿಂದಲೇ ಎಂಬುದನ್ನು ಮರೆಯಲಾಗದು.

ಈ ಬಲಾತ್ಕಾರಕ್ಕೆ ನ್ಯಾಯದ ಆಧಾರವನ್ನೂ ಕಟ್ಟಲಾಯಿತು. ಸ್ಪೇನ್ ಮತ್ತು ಪೋರ್ಚುಗಲ್ 1494ರ ಟೊರ್ಡೆಸಿಲಾಸ್ ಒಪ್ಪಂದದಲ್ಲಿ ಯುರೋಪಿನಾಚೆಯ ಜಗತ್ತನ್ನು ತಮ್ಮೊಳಗೇ ಹಂಚಿಕೊಂಡಿದ್ದವು. ಗಾಮ ಹಿಂದಿರುಗಿದ ಮೇಲೆ ದೊರೆ ಮಾನುಯೆಲ್ ತನ್ನ ಬಿರುದುಗಳಿಗೆ ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಭಾರತಗಳ ವಿಜಯ, ನೌಕಾಯಾನ ಹಾಗೂ ವಾಣಿಜ್ಯಗಳ ಒಡೆಯನೆಂಬುದನ್ನು ಸೇರಿಸಿಕೊಂಡ. ಸಮುದ್ರದ ಸಾಮಾನ್ಯ ಹಕ್ಕು ಯುರೋಪಿನ ಕ್ರೈಸ್ತರೊಳಗೆ ಮಾತ್ರ ಸಲ್ಲುತ್ತದೆಂದು ಚರಿತ್ರಕಾರ ಜುವಾವ್ ದ ಬಾರುಶ್ ವಾದಿಸಿದ. ಸಾವಿರಾರು ವರ್ಷಗಳಿಂದ ಆ ಕಡಲಲ್ಲಿ ಬದುಕಿದವರ ಹಕ್ಕನ್ನು ಅವರಿಗೆ ತಿಳಿಯದ ಭಾಷೆಯ ಒಂದು ವಾಕ್ಯ ಅಳಿಸಿಹಾಕಿತು.

ಕನ್ನಡ ಕರಾವಳಿ ಈ ವ್ಯವಸ್ಥೆಯ ಭಾರವನ್ನು ಮೊದಮೊದಲೇ ಹೊತ್ತ ಪ್ರದೇಶಗಳಲ್ಲೊಂದು. 1502ರಲ್ಲಿ ಗಾಮನ ಎರಡನೆಯ ಯಾತ್ರೆಯ ಹಡಗುಗಳು ಭಟ್ಕಳದ ಮೇಲೆರಗಿದಾಗ, ಅಲ್ಲಿನ ಅರಸ ಕಪ್ಪವಾಗಿ ಅಕ್ಕಿ ಕೊಡಲು ಒಪ್ಪಬೇಕಾಯಿತು. ಚರಿತ್ರಕಾರ ಗಾಸ್ಪಾರ್ ಕೊರೆಯಾ ಹೇಳುವಂತೆ ನಾವಿಕರಿಗೆ ಸಾಮಾನ್ಯ ಅಕ್ಕಿ, ಕಪ್ತಾನರಿಗೆ ಉತ್ತಮ ಅಕ್ಕಿ. ಈ ಕರಾವಳಿಯ ಅಕ್ಕಿಯಿಲ್ಲದೆ ಗೋವಾ ಉಣ್ಣುವಂತಿರಲಿಲ್ಲ, ಹೊರ್ಮುಜಿನವರೆಗೂ ಅದೇ ಹೋಗುತ್ತಿತ್ತು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಆಫೋನ್ಸೊ ದ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡಾಗ ಅವನಿಗೆ ನೆರವಾದವನು, ಪೋರ್ಚುಗೀಸ್ ದಾಖಲೆಗಳು ತಿಮೋಜಾ ಎಂದು ಕರೆಯುವ ಹೊನ್ನಾವರದ ನೌಕಾ ಸರದಾರ. ವಿದೇಶೀಯರ ಬಲವನ್ನು ಬಳಸಿಕೊಂಡು ಸ್ಥಳೀಯ ಹಗೆಯನ್ನು ಹಣಿಯಬಹುದೆಂಬ ಇಂಥ ಲೆಕ್ಕಾಚಾರಗಳು ಮುಂದೆ ಎಷ್ಟು ದುಬಾರಿಯಾದವೆಂಬುದನ್ನು ಇದೇ ಕರಾವಳಿ ಕಂಡಿತು: 1568–69ರಲ್ಲಿ ಮಂಗಳೂರು, ಹೊನ್ನಾವರ ಮತ್ತು ಬಸರೂರು ಮೂರೂ ಪೋರ್ಚುಗೀಸ್ ಕೋಟೆಗಳ ಹಿಡಿತಕ್ಕೆ ಸೇರಿದವು. ಇವುಗಳಲ್ಲಿ ಬಸರೂರಿನ ಪಾಡು ಹೆಚ್ಚು ನೋವಿನದು, ಏಕೆಂದರೆ ಅಲ್ಲಿ ವರ್ತಕರು ತಮ್ಮ ಪಟ್ಟಣದ ವ್ಯವಹಾರವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಂಡು ಬಂದಿದ್ದರು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಉಳ್ಳಾಲದ ಅಬ್ಬಕ್ಕನೂ ಇವರೊಡನೆ ಸೆಣಸಿದರು. ಕೆಳದಿಯ ಶಿವಪ್ಪನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಆ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ.

ನೆಲದ ಮೇಲೆ ಎದುರಿಲ್ಲದ ಮೊಘಲರೂ ನೀರಿನ ಮೇಲೆ ಈ ಪತ್ರಕ್ಕೆ ಕಾಯಬೇಕಾಯಿತು. ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ ಮತ್ತು ಅಂತಃಪುರದ ಸ್ತ್ರೀಯರು 1575ರಲ್ಲಿ ಹಜ್ ಯಾತ್ರೆಗೆ ಹೊರಟು, ಸುರಕ್ಷಿತ ಪಯಣದ ಪತ್ರದ ತೊಡಕಿನಿಂದ ಸೂರತ್ತಿನಲ್ಲಿ ತಡೆದು ನಿಂತು, ಮರುವರ್ಷವಷ್ಟೇ ಹಡಗು ಹತ್ತಿದರು. ಪತ್ರವಿದ್ದರೂ ಅಭಯವಿರಲಿಲ್ಲ: 1613ರಲ್ಲಿ ಜಹಾಂಗೀರನ ತಾಯಿಯ ‘ರಹೀಮಿ’ ಎಂಬ ದೊಡ್ಡ ಹಡಗನ್ನು, ಅದು ಕಾರ್ತಾಜ್ ಹೊಂದಿದ್ದರೂ, ಪೋರ್ಚುಗೀಸರು ಹಿಡಿದೊಯ್ದರು.

ಹಾಗೆಂದು ಅವರ ಹಿಡಿತ ಪೂರ್ಣವೆಂದೂ ತಿಳಿಯಬಾರದು. 1513ರಲ್ಲಿ ಏಡನ್ನನ್ನು ಗೆಲ್ಲಲು ಅಲ್ಬುಕರ್ಕ್ ವಿಫಲನಾದ್ದರಿಂದ ಕೆಂಪು ಸಮುದ್ರದ ಬಾಗಿಲು ತೆರೆದೇ ಉಳಿಯಿತು. ಶತಮಾನದ ಮಧ್ಯದ ಹೊತ್ತಿಗೆ ಸುಮಾತ್ರಾ ದ್ವೀಪದ ‘ಅಚೇ’ ಎಂಬ ಪ್ರದೇಶದ ಮೆಣಸು ಪೋರ್ಚುಗೀಸರ ಕಣ್ಣು ತಪ್ಪಿಸಿ ಮತ್ತೆ ಆ ದಾರಿಯಲ್ಲಿ ಹರಿಯತೊಡಗಿತ್ತು.

ಈ ಏಕಸ್ವಾಮ್ಯವನ್ನು ತತ್ತ್ವದ ನೆಲೆಯಲ್ಲಿ ಪ್ರಶ್ನಿಸಿದವರು ಡಚ್ಚರು. 1603ರಲ್ಲಿ ಸಿಂಗಾಪುರದ ಬಳಿ ಪೋರ್ಚುಗೀಸ್ ಹಡಗು ‘ಸಾಂತಾ ಕತರೀನಾ’ವನ್ನು ಹಿಡಿದ ತಮ್ಮ ಕ್ರಮವನ್ನು ಸಮರ್ಥಿಸಿಕೊಳ್ಳಲು ಅವರು ನ್ಯಾಯವಿದ ಹ್ಯೂಗೊ ಗ್ರೋಷಿಯಸನ ನೆರವು ಪಡೆದರು; 1609ರಲ್ಲಿ ಪ್ರಕಟವಾದ ಅವನ ‘ಮುಕ್ತ ಸಮುದ್ರ’ ಎಂಬರ್ಥದ ಲ್ಯಾಟಿನ್ ಕೃತಿ ಕಡಲು ಯಾರ ಆಸ್ತಿಯೂ ಅಲ್ಲವೆಂದು ಸಾರಿತು. ಆದರೆ 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿ ತಾನೂ ಏಷ್ಯದ ಹಡಗುಗಳಿಗೆ ರಹದಾರಿ ಪತ್ರ ಕೊಡತೊಡಗಿತು. 1621ರಲ್ಲಿ ಜಾಯಿಕಾಯಿಯ ಬಾಂಡಾ ದ್ವೀಪಗಳಲ್ಲಿ, ಬೇರೆಯವರಿಗೆ ಮಾಲು ಮಾರಿದರೆಂಬ ಕಾರಣಕ್ಕೆ, ಅಲ್ಲಿನ ಜನರಲ್ಲಿ ಬಹುಪಾಲನ್ನು ಕೊಂದು, ಸೆರೆಹಿಡಿದು, ಓಡಿಸಿ ದ್ವೀಪಗಳನ್ನೇ ಬರಿದು ಮಾಡಿತು. ಇಂಗ್ಲಿಷ್ ಕಂಪನಿಯೂ ಪತ್ರ ಕೊಡುವ ಪದ್ಧತಿಯನ್ನು ಅನುಸರಿಸಿತು.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮರಾಠಾ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆ ಇದೇ ನಿಯಮವನ್ನು ತಿರುಗಿಸಿ, ಕೊಂಕಣದ ನೀರಿನಲ್ಲಿ ಸಾಗುವವರು ತನ್ನಿಂದ ‘ದಸ್ತಕ’ ಎಂಬ ಪತ್ರ ಪಡೆಯಬೇಕೆಂದು ವಿಧಿಸಿದ. ಪೋರ್ಚುಗೀಸರ ಕೈಯಲ್ಲಿ ಎರಡು ಶತಮಾನ ರಾಜಾಧಿಕಾರವೆನಿಸಿದ್ದ ಕೆಲಸಕ್ಕೆ ಇಂಗ್ಲಿಷರ ದಾಖಲೆಗಳು ಈಗ ಕಡಲ್ಗಳ್ಳತನವೆಂಬ ಹೆಸರು ಕೊಟ್ಟವು. 1756ರ ಫೆಬ್ರವರಿಯಲ್ಲಿ ಮರಾಠರದೇ ಪೇಶ್ವೆಯ ಸೈನ್ಯ ನೆಲದ ಕಡೆಯಿಂದಲೂ ಇಂಗ್ಲಿಷ್ ನೌಕಾಪಡೆ ನೀರಿನ ಕಡೆಯಿಂದಲೂ ಆಂಗ್ರೆ ಮನೆತನದ ವಿಜಯದುರ್ಗ ಕೋಟೆಗೆ ಮುತ್ತಿಗೆ ಹಾಕಿದಾಗ ಆ ಮನೆತನದ ಹಡಗುಗಳು ಬಂದರಿನಲ್ಲಿಯೇ ಉರಿದುಹೋದವು.