ಸಂಬಳವಿಲ್ಲದ ಸೇವೆ, ಗೊತ್ತಿಲ್ಲದ ಊರು

ಹೊರದೇಶಕ್ಕೆ ಹೋಗಿ ಸಂಬಳವಿಲ್ಲದೆ ಧರ್ಮಪ್ರಚಾರ ಮಾಡುವವರು ಅಲ್ಲಿ ಒಗ್ಗಿಕೊಳ್ಳುವುದು ಭಕ್ತಿಯ ಬಲದಿಂದ ಎನ್ನುತ್ತಾರೆ. ಭಾಷೆಯ ಬಲದಿಂದ ಎನ್ನುವುದೇ ಹೆಚ್ಚು ಸರಿ. ಅಮೆರಿಕದ ಯೂಟಾದಲ್ಲಿ ಕೇಂದ್ರವಿರುವ ಮಾರ್ಮನ್ ಚರ್ಚನ್ನೇ ನೋಡಿ. ಯುವಕರು 2 ವರ್ಷ, ಯುವತಿಯರು 18 ತಿಂಗಳು, ಬಹುಮಟ್ಟಿಗೆ ತಮ್ಮ ಇಲ್ಲವೇ ಮನೆಯವರ ಖರ್ಚಿನಲ್ಲಿ, ಚರ್ಚು ಹೇಳಿದ ಊರಿಗೆ ಹೋಗುತ್ತಾರೆ. ಊರನ್ನು ಆರಿಸಿಕೊಳ್ಳುವ ಹಾಗಿಲ್ಲ. ಪರಭಾಷೆಯ ನಾಡಾದರೆ ಮೊದಲು ವಾರಗಟ್ಟಲೆ ಭಾಷಾಪಾಠ. ಎದೆಯ ಮೇಲಿನ ಕಪ್ಪು ಬಿಲ್ಲೆಯ ಬರಹವೂ ಆ ನಾಡಿನದೇ. ಬಾಗಿಲು ತಟ್ಟಿದ ಮೇಲೆ ಮಾತಾಡಲೇಬೇಕಲ್ಲ, ತಪ್ಪೋ ಒಪ್ಪೋ! ಕಚೇರಿ ಕೆಲಸಕ್ಕೆಂದು ವಲಸೆ ಹೋದ ಎಷ್ಟೋ ಮಂದಿಗೆ ಈ ಒತ್ತಡವಿಲ್ಲ, ಇಂಗ್ಲಿಷಿನಲ್ಲೇ ದಿನ ದೂಡಬಹುದು.

ಮತಾಂತರಕ್ಕಾಗಿ ಕಲಿತ ಭಾಷೆಯಿಂದ ಎಂಥ ಒಡನಾಟ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕಲಿತ ಭಾಷೆ ಕಲಿತವರ ಉದ್ದೇಶದೊಳಗೇ ನಿಲ್ಲುವುದಿಲ್ಲ. ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್ 1894ರಲ್ಲಿ ಕೊಟ್ಟ ನಿಘಂಟನ್ನು ನಾವು ಅವರ ಮತ ನೋಡಿ ತೆರೆಯುವುದಿಲ್ಲ. ಇನ್ನು, ಮನೆಯ ನಂಟು ಕಡಿದರೆ ಬೇಗ ಒಗ್ಗುತ್ತಾರೆ ಎಂಬ ವಾದವಂತೂ ನನಗೆ ಒಪ್ಪಿಗೆಯಿಲ್ಲ. ಮನೆಗೆ ವರ್ಷಕ್ಕೆ ಎರಡೇ ಕರೆ ಎಂಬ ಹಳೆಯ ಕಟ್ಟುಪಾಡನ್ನು ಆ ಚರ್ಚೇ 2019ರಲ್ಲಿ ಸಡಿಲಿಸಿ, ವಾರಕ್ಕೊಮ್ಮೆ ಮಾತಾಡಲು ಬಿಟ್ಟಿತು.